ಗಾನವೂ ಗಾಯಕನ ನಡತೆಯೂ

ರಾಮೋತ್ಸವದ ಕಚೇರಿಗಳಿಗೆ ಯಾರು ಯಾರನ್ನು ಕರೆಯಿಸಬೇಕೆಂಬುದನ್ನು ನಿಶ್ಚಯಿಸುವುದಕ್ಕಾಗಿ ನಮ್ಮ ತೆಂಗಿನ ಸೀಮೆಯ ಒಂದು ಊರಿನಲ್ಲಿ ಕೂಡಿದ್ದ ಸಭೆಗೆ ಈಚೆಗೆ ನಾವೂ ಹೋಗಿದ್ದೆವು. ಒಬ್ಬ ವಿದ್ವಾಂಸರ ಹೆಸರು ಬಂದಿತು. ಅವರ ಗಾನದ ಮೇಲ್ಮೆಯ ವಿಷಯದಲ್ಲಿ ಅಲ್ಲಿದ್ದವರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಅವರ ನಡತೆಯ ಪ್ರಸ್ತಾಪ ಹೊರಟೊಡನೆ ಸಭೆ ಎರಡು ಪಂಗಡವಾಯಿತು. ಅವರು ಮದ್ಯಪಾನ ಮಾಡುತ್ತಾರೆಂದು ಒಬ್ಬರು, ಕಂಡಕಂಡಲ್ಲಿ ಊಟ ಮಾಡುತ್ತಾರೆಂದು ಇನ್ನೊಬ್ಬರು, ಸಂಭಾವನೆಗಾಗಿ ಜಗಳವಾಡುತ್ತಾರೆಂದು ಮತ್ತೊಬ್ಬರು ಹೇಳಿದರು. ಕೊಬ್ಬರಿ ಮಂಡಿಯ ವೃದ್ಧ ವರ್ತಕರೊಬ್ಬರು, “ಸ್ವಾಮಿ, ನಮಗೆ ಬೇಕಾದದ್ದು ಸಂಗೀತ, ಸಂಬಂಧವಲ್ಲ. ಹೆಣ್ಣು ಕೊಡುವುದಕ್ಕೆ ನಾವಿಲ್ಲಿ ಕುಳಿತಿಲ್ಲ” ಎಂದರು. “ದೇವರ ಮುಂದೆ ಹಾಡುವ ಬಾಯಿ ಶುದ್ಧವಾಗಿರಬೇಡವೆ?” ಎಂದು ನಿವೃತ್ತ ಉಪಾಧ್ಯಾಯರೊಬ್ಬರು ಕೇಳಿದರು. ಅವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ನಡುವೆಯೇ ಬಿಟ್ಟುಬಿಟ್ಟಳಂತೆ, ಕಾರಣ ತಿಳಿಯದು ಎಂದು ಹಿಂದಿನ ಸಾಲಿನಿಂದ ಬಂದ ಮಾತೊಂದು ಆ ಗದ್ದಲದಲ್ಲಿ ಮುಳುಗಿಹೋಯಿತು. ಸಭೆ ಏನನ್ನೂ ನಿಶ್ಚಯಿಸದೆ ಮುಗಿಯಿತು. ಹೊರಡುವಾಗ ಕಾರ್ಯದರ್ಶಿಗಳು, ಈ ವಿಷಯದಲ್ಲಿ ಪತ್ರಿಕೆಯ ಅಭಿಪ್ರಾಯವೇನೆಂದು ನಮ್ಮನ್ನು ಕೇಳಿದರು. ಅಂದು ಉತ್ತರ ಕೊಡಲು ನಮಗೆ ತೋಚಲಿಲ್ಲ. ಇಂದು ಕೊಡಲು ಯತ್ನಿಸುವೆವು.

ನಮ್ಮ ಸೀಮೆಯವರಿಗೆ ಈ ಪ್ರಶ್ನೆ ಹೊಸದಾಗಿ ತೋರಬೇಕಾಗಿಲ್ಲ. ತಿಪಟೂರಿನ ಮಾರುಕಟ್ಟೆ ಇದಕ್ಕೆ ಸಮಾನವಾದ ಪ್ರಶ್ನೆಯನ್ನು ಬಹು ಕಾಲದಿಂದ ಬಿಡಿಸುತ್ತ ಬಂದಿದೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಇರಿಸಿ, ಒಳಗಿನ ನೀರೆಲ್ಲ ಇಂಗಿದ ಮೇಲೆ ಒಡೆದರೆ ಉಂಡೆ ಕೊಬ್ಬರಿ ದೊರೆಯುತ್ತದೆ. ಬಲ್ಲವನು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಿನ ಗಿಟುಕಿನ ಸದ್ದಿನಿಂದಲೇ ಅದು ಪಕ್ವವಾಯಿತೆ ಇಲ್ಲವೆ ಎಂದು ಹೇಳುವನು. ಕೊಬ್ಬರಿಗೆ ಬೆಲೆ ಕಟ್ಟುವಾಗ ತೋಟದ ಯಜಮಾನ ಸದಾಚಾರಿಯೆ, ದುರಾಚಾರಿಯೆ ಎಂದು ಯಾವ ವ್ಯಾಪಾರಿಯೂ ವಿಚಾರಿಸುವುದಿಲ್ಲ. ಸಜ್ಜನನ ಕೊಬ್ಬರಿಯೆಂಬ ಮಾತ್ರದಿಂದ ಕೌಟು ಹೋಗುವುದಿಲ್ಲ. ದುರ್ಜನನದೆಂಬ ಮಾತ್ರದಿಂದ ಒಳ್ಳೆಯ ಗಿಟುಕು ಕೆಡುವುದೂ ಇಲ್ಲ. ಆದರೆ ಅದೇ ಯಜಮಾನ ಮುಂಗಡ ಹಣ ಕೇಳಲು ಬಂದನೆನ್ನಿ. ಅದೇ ವ್ಯಾಪಾರಿ ಆಗ ಕೊಬ್ಬರಿಯನ್ನು ನೋಡುವುದಿಲ್ಲ, ಮನುಷ್ಯನನ್ನು ನೋಡುತ್ತಾನೆ. ಮಾಲು ನೋಡಿ ಬೆಲೆ, ಆಳು ನೋಡಿ ಸಾಲ. ಈ ಎರಡು ತಕ್ಕಡಿಗಳನ್ನು ಬೆರಸಿದವನು ಮಂಡಿಯಲ್ಲಿ ಬಹು ದಿನ ಬಾಳಲಾರನು. ಸಂಗೀತದ ವಿಷಯದಲ್ಲಿಯೂ ನಮಗೆ ಎರಡು ತಕ್ಕಡಿಗಳು ಬೇಕೆಂಬುದೇ ನಮ್ಮ ಅಭಿಪ್ರಾಯ.

ಆ ನಿವೃತ್ತ ಉಪಾಧ್ಯಾಯರ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ನಾಡಿನಲ್ಲಿ ಸಂಗೀತವು ಕೇವಲ ವಿನೋದವೆಂದು ಎಣಿಸಲ್ಪಟ್ಟಿಲ್ಲ. ಅದು ಸಾಧನೆಯೆಂದೂ ಉಪಾಸನೆಯೆಂದೂ ಹಿರಿಯರು ಭಾವಿಸಿದರು. ಐಶ್ವರ್ಯವನ್ನು ತೊರೆದು ತಂಬೂರಿ ಹಿಡಿದರೆಂದು ಪ್ರತೀತಿಯಿರುವ ಪುರಂದರದಾಸರನ್ನು ನಾವು ಸಂಗೀತ ಪಿತಾಮಹರೆಂದು ಕರೆಯುತ್ತೇವೆ. ತ್ಯಾಗರಾಜರು ಅರಮನೆಯ ಆಹ್ವಾನವನ್ನು ಒಲ್ಲೆನೆಂದ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ಸಂಗೀತಕ್ಕೂ ಭಜನೆಗೂ ಒಂದು ನೆಲೆಯನ್ನು ಮಾಡಿಕೊಟ್ಟರು. ಮೈಸೂರು ವಾಸುದೇವಾಚಾರ್ಯರು 1955ರಲ್ಲಿ ಪ್ರಕಟವಾದ ‘ನಾ ಕಂಡ ಕಲಾವಿದರು’ ಎಂಬ ಗ್ರಂಥದಲ್ಲಿ ವಿದ್ವಾಂಸರ ವಿದ್ಯೆಯೊಡನೆ ಅವರ ಸ್ವಭಾವವನ್ನೂ ಚಿತ್ರಿಸಿದ್ದಾರೆ. ಹಾಡಿದವನು ಎಂತಹ ಮನುಷ್ಯನೆಂದು ತಿಳಿಯುವ ಆಸೆ ಸಹಜವಾದದ್ದು. ಒಳ್ಳೆಯ ವಿದ್ಯೆ ಒಳ್ಳೆಯ ಪಾತ್ರೆಯಲ್ಲಿದ್ದರೆ ಅದಕ್ಕಿಂತ ಸಂತೋಷದ ವಿಷಯ ಇನ್ನಾವುದು?

ಆದರೆ ಆಸೆ ಬೇರೆ, ತೀರ್ಪು ಬೇರೆ. ಹಾಗೆ ತೀರ್ಪು ಕೊಡಹೊರಟಾಗ ಏನಾಗುವುದೆಂಬುದಕ್ಕೆ ನಮ್ಮ ಕನ್ನಡ ನಾಡಿನ ಮಗಳೊಬ್ಬಳ ಚರಿತ್ರೆಯೇ ಸಾಕ್ಷಿಯಾಗಿದೆ. ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಕುಲದಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲಸಿ, ಗಾಯಕಿಯಾಗಿ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದವರು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಅವರು 1910ರಲ್ಲಿ ಸಮಗ್ರವಾಗಿ ಅಚ್ಚು ಹಾಕಿಸಿದರು. ಕಂದುಕೂರಿ ವೀರೇಶಲಿಂಗಂ ಪಂತುಲು ಅವರಂತಹ ಸುಧಾರಕರು, ಕವಯಿತ್ರಿಯ ಕುಲವೃತ್ತಿಯನ್ನೆತ್ತಿ ಹಳಿದು, ಆ ಕಾವ್ಯದ ಅನೇಕ ಭಾಗಗಳು ಸ್ತ್ರೀಯರ ಕಿವಿಗೆ ಬೀಳತಕ್ಕುವಲ್ಲವೆಂದು ಬರೆದಿದ್ದರು. ಇಂತಹ ಶೃಂಗಾರವನ್ನು ಪುರುಷರು ಬರೆದರೆ ಆಕ್ಷೇಪವಿಲ್ಲ, ಹೆಂಗಸು ಬರೆದರೆ ಮಾತ್ರ ನಾಚಿಕೆಯೆ, ಪಂತುಲು ಅವರೇ ಮೆಚ್ಚಿ ತಿದ್ದಿಕೊಟ್ಟ ಕಾವ್ಯದಲ್ಲಿ ಶೃಂಗಾರವಿಲ್ಲವೆ ಎಂದು ನಾಗರತ್ನಮ್ಮನವರು ಕೇಳಿದರು. ಆ ಪ್ರಶ್ನೆಗೆ ನೇರವಾದ ಉತ್ತರ ದೊರೆಯಲಿಲ್ಲ. 1911ರಲ್ಲಿ ಸರಕಾರವು ಪುಸ್ತಕವನ್ನೇ ನಿಷೇಧಿಸಿತು. ಸ್ವಾತಂತ್ರ್ಯ ಬರುವ ವೇಳೆಗೆ ನಿಷೇಧವು ತೊಲಗಿ, 1952ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ಅದೇ ವರ್ಷ ನಾಗರತ್ನಮ್ಮನವರು ಕಾಲವಾದರು.

ಇದಕ್ಕಿಂತ ವಿಚಿತ್ರವಾದದ್ದು ತಿರುವೈಯಾರಿನ ಸಂಗತಿ. 1847ರಲ್ಲಿ ದಿವಂಗತರಾದ ತ್ಯಾಗರಾಜರ ಸಮಾಧಿ ಪಾಳುಬಿದ್ದಿದ್ದಾಗ, ಈ ಸ್ತ್ರೀಯೇ ತಮ್ಮ ಆಸ್ತಿ ಒಡವೆಗಳನ್ನು ವ್ಯಯಮಾಡಿ ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಹಾಗಿದ್ದರೂ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡಕೂಡದೆಂದು ಗಂಡಸರ ಕೂಟಗಳು ತಡೆದುವು. ನಾಗರತ್ನಮ್ಮನವರು ಸ್ತ್ರೀಯರದೇ ಬೇರೊಂದು ಆರಾಧನೆಯನ್ನು ಆರಂಭಿಸಿದರು. 1940ರ ಸುಮಾರಿಗೆ ಕೂಟಗಳೆಲ್ಲ ಒಂದಾದ ಮೇಲೆಯೇ ಈ ಭೇದ ನೀಗಿತು. ಗುಡಿಯನ್ನು ಕಟ್ಟಿಸಲು ಅವರ ಹಣ ಶುದ್ಧ. ಗುಡಿಯ ಮುಂದೆ ಹಾಡಲು ಅವರ ಕಂಠ ಅಶುದ್ಧ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು!

ಉತ್ತರ ಕರ್ನಾಟಕದ ಗಂಗೂಬಾಯಿ ಹಾನಗಲ್ಲರ ಅನುಭವವೂ ಇದೇ ಬಗೆಯದು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದಾಗ ಅವರು ಹನ್ನೊಂದು ವರ್ಷದ ಬಾಲಿಕೆ. ಹಾಡು ತಪ್ಪೀತೆಂಬುದಕ್ಕಿಂತ, ತನ್ನ ಜಾತಿಯನ್ನರಿತವರು ಎಂಜಲೆಲೆ ಎತ್ತಲು ಹೇಳಿಯಾರೆಂಬ ಭಯವೇ ಆಗ ತಮ್ಮನ್ನು ಕಾಡಿತೆಂದು ಅವರು ಮುಂದೆ ಹೇಳಿಕೊಂಡರು. ಆ ಬಾಲಿಕೆ ಮಾಡಿದ್ದ ತಪ್ಪಾದರೂ ಏನು? ನಡತೆಯ ಹೆಸರಿನಲ್ಲಿ ನಾವು ಎಷ್ಟೋ ವೇಳೆ ತೂಗುತ್ತಿದ್ದುದು ನಡತೆಯನ್ನಲ್ಲ, ಹುಟ್ಟನ್ನು. ಅಂತಹವರನ್ನು ಸಾಕಿದ ಜಮೀನ್ದಾರನ, ಕರೆಯಿಸಿದ ಸಾಹುಕಾರನ ನಡತೆಯನ್ನು ಯಾವ ಸಭೆಯೂ ವಿಚಾರಿಸಿದುದನ್ನು ನಾವರಿಯೆವು.

ಪರರ ತಪ್ಪನ್ನು ಎತ್ತಿ ತೋರಿದ ಮೇಲೆ ನಮ್ಮದನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಗಾಯಕಿಯೊಬ್ಬರ ಕಚೇರಿಯ ವರದಿಯನ್ನು ನಾವು ಈ ಪತ್ರಿಕೆಯಲ್ಲಿ ಅಚ್ಚು ಮಾಡದೆ ಬಿಟ್ಟೆವು. ಅವರ ಸಂಸಾರದ ವಿಷಯವಾಗಿ ಊರಿನಲ್ಲಿ ಪಿಸುಮಾತಿತ್ತು; ಪಿಸುಮಾತಲ್ಲದೆ ಬೇರೇನೂ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮಂಡಿಯ ಅಂಗಡಿಯೊಂದರಲ್ಲಿ ಕುಳಿತಿದ್ದಾಗ ಆಕಾಶವಾಣಿಯಲ್ಲಿ ತೋಡಿಯ ಆಲಾಪನೆ ಬರುತ್ತಿತ್ತು. ಮೂಟೆ ಹೊಲಿಯುತ್ತಿದ್ದ ಆಳು ಕೂಡ ದಬ್ಬಣವನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದನು. ನಮಗೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಕೊನೆಯಲ್ಲಿ ಹೆಸರನ್ನು ಸಾರಿದಾಗ, ನಾವು ಯಾರ ವರದಿಯನ್ನು ಕಸದ ಬುಟ್ಟಿಗೆ ಹಾಕಿದ್ದೆವೋ ಅವರೇ ಎಂದು ತಿಳಿಯಿತು. ಹೆಸರು ತಿಳಿಯದಿದ್ದಾಗ ಕಿವಿ ಕೊಟ್ಟ ತೀರ್ಪೇ ನಿಜವಾದ ತೀರ್ಪು. ಹೆಸರು ತಿಳಿದು ನಾವು ಕೊಟ್ಟದ್ದು ಕೇವಲ ಹೇಡಿತನ.

ಕಾಲವು ಈ ಪಾಠವನ್ನು ಬೇರೊಂದು ರೀತಿಯಲ್ಲಿ ಕಲಿಸುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದರ ಛಾವಣಿಯಲ್ಲಿ ದಿಕ್ಪಾಲಕರ ನಡುವೆ ನರ್ತಿಸುವ ಶಿವನನ್ನು ಕಂಡವರು ಕತ್ತು ನೋಯುವವರೆಗೂ ಮೇಲೆ ನೋಡದೆ ಬಂದಿಲ್ಲ. ನಮ್ಮ ನೆರೆಯ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಹೆಸರಲ್ಲದೆ ಅವರು ಕುಡುಕರೋ ಕೋಪಿಷ್ಠರೋ ಸಾಧುಗಳೋ ಒಂದೂ ಉಳಿದಿಲ್ಲ. ಉಳಿ ಆಡಿದ ಕಡೆ ಮಾತ್ರ ಉಳಿದಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ನಮ್ಮ ಆಲಂಕಾರಿಕರ ರಸತತ್ತ್ವವನ್ನು ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದರು. ಭಾವವು ಇವನದು ಅವನದು ಎಂಬ ಕಟ್ಟಿನಿಂದ ಬಿಡುಗಡೆ ಹೊಂದಿ ಎಲ್ಲರದೂ ಆಗುವುದನ್ನು ಆಲಂಕಾರಿಕರು ಸಾಧಾರಣೀಕರಣವೆಂದು ಕರೆದರು. ಕಾವ್ಯಕ್ಕೆ ಹೇಳಿದ ಈ ಮಾತು ಗಾನಕ್ಕೂ ಸಲ್ಲುವುದೆಂದು ನಾವು ನಂಬಿದ್ದೇವೆ. ಮುಖಾರಿಯಲ್ಲಿ ಕೇಳಬರುವ ದುಃಖ ಹಾಡುವವನ ಮನೆಯ ದುಃಖವಲ್ಲ. ಹಾಗೆಯೇ ಅವನ ಮನೆಯ ಕೊಳೆಯೂ ಅದರಲ್ಲಿಲ್ಲ.

ಹಾಗಾದರೆ ನಡತೆಗೂ ಗಾನಕ್ಕೂ ಏನೇನೂ ಸಂಬಂಧವಿಲ್ಲವೆ? ಇದೆ, ಆದರೆ ಅದು ಕೇಳಿಸುವ ಸಂಬಂಧ. ಅಹಂಕಾರಿಯಾದ ಗಾಯಕನು ಪಿಟೀಲಿನವರಿಗೆ ಅವಕಾಶ ಕೊಡದೆ ಆಲಾಪನೆಯನ್ನು ಎಳೆದರೆ, ತನಿ ಆವರ್ತನಕ್ಕೆ ಹೊತ್ತಿಲ್ಲದಂತೆ ಮಾಡಿದರೆ, ಅದು ಕಚೇರಿಯ ದೋಷವೇ ಸರಿ. ಸೋಮಾರಿಯ ಸಾಧನೆಯಿಲ್ಲದ ಕಂಠ ಮೇಲಿನ ಷಡ್ಜದಲ್ಲಿ ತಾನಾಗಿಯೇ ಬಯಲಾಗುತ್ತದೆ. ಇವುಗಳನ್ನು ವಿಮರ್ಶಕನು ನಿರ್ದಾಕ್ಷಿಣ್ಯವಾಗಿ ಹೇಳಲಿ. ಕಿವಿಗೆ ಕೇಳಿಸದ ದೋಷವನ್ನು ಮಾತ್ರ ರಾಗದ ಲೆಕ್ಕಕ್ಕೆ ಬರೆಯದಿರಲಿ.

ಇನ್ನು ಎರಡನೆಯ ತಕ್ಕಡಿ. ಗಾನವನ್ನು ಮೆಚ್ಚುವುದು ಒಂದು. ಗಾಯಕನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಮಕ್ಕಳನ್ನು ಶಿಷ್ಯವೃತ್ತಿಗೆ ಕಳುಹಿಸುವುದು ಇನ್ನೊಂದು. ಮೊದಲನೆಯದು ಕಿವಿಗೆ ಸಲ್ಲತಕ್ಕ ಋಣ. ಎರಡನೆಯದು ಸಮಾಜವು ಕೊಡುವ ನಂಬಿಕೆ; ನಂಬಿಕೆಯನ್ನು ಮನುಷ್ಯನನ್ನು ನೋಡಿಯೇ ಕೊಡಬೇಕು. ಜರ್ಮನಿಯ ವಾಗ್ನರನು 1850ರಲ್ಲಿ ಯೆಹೂದ್ಯರನ್ನು ಹೀನಾಯವಾಗಿ ಹಳಿದು ಲೇಖನ ಬರೆದನು. ಮುಂದೆ ನಾಜಿಗಳು ಅವನ ಸಂಗೀತವನ್ನು ಮೆರೆಸಿದರು. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದ್ಯರ ಮೇಲೆ ದಾಳಿ ನಡೆದಾಗ, ಪ್ಯಾಲೆಸ್ಟೈನಿನ ಯೆಹೂದ್ಯರ ವಾದ್ಯವೃಂದವು ತಾನು ನುಡಿಸಬೇಕೆಂದಿದ್ದ ವಾಗ್ನರನ ಕೃತಿಯನ್ನು ಕೈಬಿಟ್ಟಿತು. ಆ ಸಂಗೀತದಲ್ಲಿ ಅಪಸ್ವರವಿತ್ತೆಂದಲ್ಲ. ಕೇಳಲು ಕುಳಿತವರ ಗಾಯ ಹಸಿಯಾಗಿತ್ತೆಂದು. 2018ರಲ್ಲಿ ಸ್ತ್ರೀಯರಿಂದ ಆಪಾದನೆಗಳು ಬಂದಾಗ ಮದರಾಸಿನ ಸಂಗೀತ ಅಕಾಡೆಮಿಯು ಏಳು ಮಂದಿ ಕಲಾವಿದರನ್ನು ಆ ವರ್ಷದ ಉತ್ಸವದಿಂದ ಬಿಟ್ಟಿತು. ಅದೂ ಅವರ ವಿದ್ಯೆಯ ಮೇಲೆ ಕೊಟ್ಟ ತೀರ್ಪಲ್ಲ. ಆಪಾದನೆಯೇ ಅಪರಾಧವಲ್ಲವೆಂಬುದನ್ನು ನಾವು ಮರೆತಿಲ್ಲ. ಆದರೆ ಆಪಾದನೆಗೆ ಕಿವಿಯನ್ನೇ ಕೊಡದಿರುವುದು ಅದಕ್ಕಿಂತ ದೊಡ್ಡ ಅಪರಾಧ. ಗುರುವಿನ ಮನೆಯಲ್ಲಿ ಶಿಷ್ಯನಿಗೆ, ಅದರಲ್ಲಿಯೂ ಶಿಷ್ಯೆಗೆ, ದೂರು ಹೇಳುವ ಧೈರ್ಯ ಬರುವುದು ಎಷ್ಟು ಕಷ್ಟವೆಂಬುದನ್ನು ಹೆಣ್ಣುಮಕ್ಕಳ ತಂದೆತಾಯಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ಈಗ ನಮ್ಮ ಸಮಿತಿಯ ಸಭೆಗೆ ಮರಳೋಣ. ಆ ದಿನ ನಾವೆಲ್ಲರೂ ವಿದ್ವಾಂಸರ ಬಟ್ಟಲಿನ ವಿಷಯವಾಗಿಯೂ ಎಲೆಯ ವಿಷಯವಾಗಿಯೂ ಎರಡು ಗಂಟೆಗಳ ಕಾಲ ಮಾತನಾಡಿದೆವು. ಅವರು ಕುಡಿದರೆ ಕೆಡುವುದು ಅವರ ಆರೋಗ್ಯ. ಎಲ್ಲಿಯಾದರೂ ಉಂಡರೆ ಕೆಡುವುದು ಏನೂ ಇಲ್ಲ. ಸಂಭಾವನೆಯನ್ನು ಗಟ್ಟಿಯಾಗಿ ಕೇಳಿದರೆ ಅದು ಅವರ ಹಕ್ಕು. ಪಾಠ ಬಿಟ್ಟ ಹುಡುಗಿಯ ಮಾತನ್ನು ಮಾತ್ರ ಯಾರೂ ಹಿಡಿದು ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾವೂ ಕೇಳಲಿಲ್ಲ. ಅದು ಊರು ಬಿಟ್ಟ ಕಾರಣಕ್ಕಾಗಿರಬಹುದು, ಪರೀಕ್ಷೆಯ ಕಾರಣಕ್ಕಾಗಿರಬಹುದು, ಬೇರೊಂದು ಕಾರಣಕ್ಕೂ ಆಗಿರಬಹುದು. ಸಭೆ ವಿಚಾರಿಸಬೇಕಾಗಿದ್ದ ಸಂಗತಿ ಅದೊಂದೇ. ವಿಚಾರಿಸದೆ ಬಿಟ್ಟದ್ದೂ ಅದೊಂದೇ.

ಆದಕಾರಣ ಕಾರ್ಯದರ್ಶಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಹಾಡು ಹೇಗಿದೆಯೆಂಬುದನ್ನು ಕಿವಿಯಿಂದಲೇ ನಿರ್ಣಯಿಸಿರಿ; ಅದರಲ್ಲಿ ಕುಲವನ್ನಾಗಲಿ ಗಾಳಿಮಾತನ್ನಾಗಲಿ ಬೆರಸದಿರಿ. ವೇದಿಕೆಯ ಮಾತು ಬಂದಾಗ, ಈ ಮನುಷ್ಯನಿಂದ ಮತ್ತೊಬ್ಬರಿಗೆ ಅನ್ಯಾಯವಾಗಿದೆಯೆ ಎಂದು ಕೇಳಿರಿ. ಕೇಳುವಾಗ ಎರಡು ಕಡೆಯನ್ನೂ ಕೇಳಿರಿ; ಅಬಲರ ಕಡೆಯನ್ನು ಮೊದಲು ಕೇಳಿರಿ. ಗಂಡಸಿಗೂ ಹೆಂಗಸಿಗೂ, ಹಣವಂತನಿಗೂ ಬಡವನಿಗೂ ಒಂದೇ ಪ್ರಶ್ನೆಯನ್ನು ಹಾಕಿರಿ. ಉತ್ಸವಕ್ಕೆ ಇನ್ನೂ ದಿನಗಳಿವೆ. ಆಮಂತ್ರಣ ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುನ್ನ ಇಬ್ಬರು ಹಿರಿಯ ಗೃಹಿಣಿಯರು ಆ ಹುಡುಗಿಯ ಮನೆಗೆ ಹೋಗಿ ವಿಚಾರಿಸಿಕೊಂಡು ಬರಲಿ. ಭಯಪಡತಕ್ಕದ್ದು ಏನೂ ಇಲ್ಲವೆಂದು ತಿಳಿದರೆ, ವಿದ್ವಾಂಸರು ಏನು ಕುಡಿದರೂ ಎಲ್ಲಿ ಉಂಡರೂ ಕರೆಯಿಸಿರಿ. ಮುಂದಿನ ಸಾಲಿನಲ್ಲಿ ನಾವೂ ಕುಳಿತು ಕೇಳುವೆವು.