ಇನ್‌ಸ್ಟಾಲ್ ಆಗದ ತಂತ್ರಾಂಶ ಎಡವಿದ್ದು ಎಲ್ಲಿ?

ಬಸವಕಲ್ಯಾಣ, ಹುಮನಾಬಾದ್‌ಗಳು ಕನ್ನಡದ ಜೊತೆಗೆ ಮರಾಠಿ, ಉರ್ದುಗಳೂ ದಿನಬಳಕೆಯಲ್ಲಿರುವ ಊರುಗಳು. ಇಂಥ ಕಡೆ ಡಿಟಿಪಿ ಅಂಗಡಿ ನಡೆಸುವವರ ಗಣಕಕ್ಕೆ ಒಂದಲ್ಲ ಹತ್ತು ತಂತ್ರಾಂಶ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬೇಕು, ಪ್ರಿಂಟರಿನ ಡ್ರೈವರ್ ಬೇಕು, ಬೆರಳಗುರುತು ಓದುವ ಸಾಧನದ್ದೂ ಬೇಕು. ಡೌನ್‌ಲೋಡ್ ಮಾಡಿ, ಎರಡು ಸಲ ಕ್ಲಿಕ್ ಮಾಡಿದರೆ ಕೆಲಸ ಮುಗಿಯಬೇಕು. ಹಾಗಾಗದೆ ಇಂಗ್ಲಿಷಿನ ಒಂದು ಸಾಲು ತೋರಿಸಿ ಗಣಕ ಸುಮ್ಮನಾದರೆ, ನೇರ ಓಕೆ ಒತ್ತಿ ಆ ಸಾಲನ್ನು ಓಡಿಸಿಬಿಡುವವರೇ ಹೆಚ್ಚು. ಕಾರಣ ಇರುವುದು ಆ ಸಾಲಿನಲ್ಲೇ. ಮೊದಲು ಅದರ ಫೋಟೊ ತೆಗೆದುಕೊಳ್ಳಿ.

ಇನ್‌ಸ್ಟಾಲರ್ ಕೂಡ ಒಂದು ಪುಟ್ಟ ಪ್ರೋಗ್ರಾಂ. ತನ್ನೊಳಗೆ ಒತ್ತಿ ಮಡಿಸಿಟ್ಟ ಕಡತಗಳನ್ನು ಅದು ಮೊದಲು ‘ಟೆಂಪ್’ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚುತ್ತದೆ. ವಿಂಡೋಸ್ ಯಾವುದು, ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಪೂರಕ ತಂತ್ರಾಂಶಗಳು ಇವೆಯೇ ಎಂದು ಆಮೇಲೆ ನೋಡುತ್ತದೆ. ಎಲ್ಲ ಸರಿಯಿದ್ದರೆ ಕಡತಗಳನ್ನು ಅವುಗಳ ಜಾಗಕ್ಕೆ ನಕಲಿಸಿ, ಕೊನೆಗೆ ವಿಂಡೋಸ್ ತನ್ನ ವಿವರಗಳನ್ನಿಡುವ ರಿಜಿಸ್ಟ್ರಿಯಲ್ಲಿ ನಮೂದಿಸುತ್ತದೆ. ಎಡವಿದ್ದು ಯಾವ ಹಂತದಲ್ಲಿ ಎಂದು ತಿಳಿದರೆ ಪರಿಹಾರ ಅರ್ಧ ಸಿಕ್ಕ ಹಾಗೆ.

ಎಷ್ಟೋ ಸಲ ತಪ್ಪಿರುವುದು ಇಳಿಸಿಕೊಂಡ ಕಡತದಲ್ಲೇ. ನೆಟ್‌ವರ್ಕ್ ಕಡಿದು ಅರ್ಧವೇ ಇಳಿದಿರಬಹುದು. ತಯಾರಕರು ಹೇಳಿದ ಗಾತ್ರದೊಂದಿಗೆ ಹೋಲಿಸಿ ನೋಡಿ. ಎಕ್ಸ್‌ಇ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳೇ ತುಂಬಿರುತ್ತವೆ. ಆದರೆ ಮೊಟ್ಟಮೊದಲ ಎರಡು ಅಕ್ಷರ ಇಂಗ್ಲಿಷಿನ ಎಂ ಮತ್ತು ಝಡ್ ಆಗಿರಲೇಬೇಕು. ಎಂಎಸ್-ಡಾಸ್ ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬರಾದ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು. ಅವುಗಳ ಬದಲು ಅಲ್ಲಿ ಎಚ್‌ಟಿಎಂಎಲ್ ಎಂಬ ಪದ ಕಂಡರೆ ಇಳಿದು ಬಂದಿರುವುದು ತಂತ್ರಾಂಶವಲ್ಲ, ಬರೀ ಜಾಲಪುಟ. ಜಿಪ್ ಕಡತವಾದರೆ ಅದರೊಳಗಿಂದಲೇ ಸೆಟಪ್ ಓಡಿಸಬಾರದು. ಮೊದಲು ಪೂರ್ತಿ ಬಿಚ್ಚಿಕೊಳ್ಳಬೇಕು.

ಮುಂದಿನದು ಹೊಂದಾಣಿಕೆ. 64-ಬಿಟ್ ತಂತ್ರಾಂಶ 32-ಬಿಟ್ ವಿಂಡೋಸ್‌ನಲ್ಲಿ ನಡೆಯದು. ಹಳೆಯ ಸಿಡಿಗಳಲ್ಲಿರುವ 16-ಬಿಟ್ ಸೆಟಪ್‌ಗಳು 64-ಬಿಟ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಹೊಂದಾಣಿಕೆ ಸರಿಯಿದ್ದೂ ದೋಷಸಂಖ್ಯೆ 1618 ಬಂದರೆ ಬೇರೊಂದು ಇನ್‌ಸ್ಟಾಲ್ ಇನ್ನೂ ನಡೆಯುತ್ತಿದೆ ಎಂದರ್ಥ. ಅದು ಮುಗಿಯುವವರೆಗೆ ಕಾಯಿರಿ. ಹಳೆಯ ಗಣಕದಲ್ಲಿ ಮದರ್‌ಬೋರ್ಡಿನ 3 ವೋಲ್ಟ್ ಬಿಲ್ಲೆ ಬ್ಯಾಟರಿ ಸತ್ತು, ಕರೆಂಟ್ ಹೋದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುವುದುಂಟು. ಆಗ ಸುರಕ್ಷತಾ ಪ್ರಮಾಣಪತ್ರಗಳ ಅವಧಿ ತಾಳೆಯಾಗದೆ ಡೌನ್‌ಲೋಡೇ ನಿಂತುಹೋಗುತ್ತದೆ. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು.

ಇಷ್ಟೆಲ್ಲ ಸರಿಯಿದ್ದೂ ಕೈಕೊಡುವ ಕಾರಣವೊಂದಿದೆ, ಅದು ಕನ್ನಡಿಗರಾದ ನಮಗೆ ತೀರ ಹತ್ತಿರದ್ದು. ಗಣಕದಲ್ಲಿ ಸ್ಥಳೀಯ ಖಾತೆ ತೆರೆಯುವಾಗ ಒಬ್ಬರು ತಮ್ಮ ಹೆಸರನ್ನು ಕನ್ನಡದಲ್ಲೇ ‘ಬಸವರಾಜ’ ಎಂದು ಬರೆದರು ಎನ್ನಿ. ವಿಂಡೋಸ್ ಅದೇ ಹೆಸರಿನ ಫೋಲ್ಡರ್ ತೆರೆಯುತ್ತದೆ. ಮೊದಲು ಹೇಳಿದ ಟೆಂಪ್ ಇರುವುದು ಇದರೊಳಗೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಅರಿಯದ ಹಳೆಯ ಬಗೆಯ ಇನ್‌ಸ್ಟಾಲರುಗಳು ಅಕ್ಷರ ಗುರುತಿಸುವುದು ‘ಕೋಡ್ ಪೇಜ್’ ಎಂಬ ಕೋಷ್ಟಕದಿಂದ. ರಷ್ಯನ್, ಅರಬ್ಬಿ, ಥಾಯ್ ಭಾಷೆಗಳಿಗೆ ವಿಂಡೋಸ್ ಅಂಥ ಕೋಷ್ಟಕ ಕೊಟ್ಟಿತ್ತು. ಕನ್ನಡಕ್ಕೆ ಕೊಡಲಿಲ್ಲ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಕನ್ನಡ ಬಂದದ್ದೇ ಯುನಿಕೋಡ್ ಮೂಲಕ. ಹೀಗಾಗಿ ಹಳೆಯ ಇನ್‌ಸ್ಟಾಲರ್ ‘ಬಸವರಾಜ’ ಎಂಬುದನ್ನು ಆರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಓದುತ್ತದೆ. ಬ, ಸ, ವ, ರ, ಆಕಾರದ ದೀರ್ಘ, ಜ: ಯುನಿಕೋಡ್ ಲೆಕ್ಕದಲ್ಲಿ ಆರು ಸಂಕೇತ. ವಿಂಡೋಸ್ ಫೋಲ್ಡರಿನ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ಜಾಗವೇ ಇಲ್ಲ. ಕಡತ ಬಿಚ್ಚಲು ಜಾಗ ಕಾಣದೆ ಇನ್‌ಸ್ಟಾಲರ್ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ.

ಖಾತೆಯ ಹೆಸರನ್ನು ಆಮೇಲೆ ಬದಲಿಸಿದರೂ ಫೋಲ್ಡರಿನ ಹೆಸರು ಹಳೆಯದೇ ಉಳಿಯುತ್ತದೆ. ಸುಲಭದ ದಾರಿ ಬೇರೆಯಿದೆ. ಸಿ ಡ್ರೈವಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೆಂಪ್ ಎಂಬ ಹೊಸ ಫೋಲ್ಡರ್ ತೆರೆಯಿರಿ. ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಎಂಬಲ್ಲಿ ಟೆಂಪ್, ಟಿಎಂಪಿ ಎರಡಕ್ಕೂ ಅದರ ವಿಳಾಸ ಕೊಟ್ಟು ಮತ್ತೆ ಪ್ರಯತ್ನಿಸಿ. ಅದಕ್ಕೂ ಜಗ್ಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಅಡ್ಮಿನ್ ಖಾತೆ ತೆರೆದು ಅಲ್ಲಿಂದ ಇನ್‌ಸ್ಟಾಲ್ ಮಾಡಿ.

ಯಾರಾದರೂ ‘ಆಂಟಿವೈರಸ್ ಆಫ್ ಮಾಡಿಬಿಡಿ, ಆಗುತ್ತದೆ’ ಎಂದರೆ ಕೇಳಬೇಡಿ. ಗಿರಾಕಿಗಳ ಆಧಾರ್, ಪಾಸ್‌ಬುಕ್ ನಕಲುಗಳೂ ಅದೇ ಗಣಕದಲ್ಲಿರುತ್ತವೆ. ಕಡತದ ಪ್ರಾಪರ್ಟೀಸ್‌ಗೆ ಹೋಗಿ ಡಿಜಿಟಲ್ ಸಹಿ ಯಾರದೆಂದು ನೋಡಿ. ಸಹಿಯಿಲ್ಲದಿದ್ದರೆ, ಎಲ್ಲಿಂದ ಬಂತೆಂದೂ ಖಚಿತವಿಲ್ಲದಿದ್ದರೆ ಅದನ್ನು ಅಳಿಸಿ, ತಯಾರಕರ ತಾಣದಿಂದಲೇ ಹೊಸದಾಗಿ ಇಳಿಸಿಕೊಳ್ಳಿ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಜನರಾಡುವ ಕನ್ನಡವನ್ನೇ ಅನುಭಾವದ ಭಾಷೆಯಾಗಿಸಿದ್ದು ಕಲ್ಯಾಣದಲ್ಲಿ, ಅಂದರೆ ಇದೇ ಬಸವಕಲ್ಯಾಣದಲ್ಲಿ. ಆ ನೆಲದವರು ಗಣಕದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದ ತಪ್ಪಿಗೆ ತಂತ್ರಾಂಶವಿಲ್ಲದೆ ಕೂರಬೇಕಾಗಿ ಬರುವುದು ನ್ಯಾಯವಲ್ಲ. ಯುನಿಕೋಡ್ ಬಂದು ಮೂರು ದಶಕ ದಾಟಿದೆ. ತಂತ್ರಾಂಶ ಬರೆಯುವವರಿಗೆ ಇನ್ನು ನೆಪವಿಲ್ಲ. ಕನ್ನಡ ಹೆಸರಿನ ಖಾತೆಯಲ್ಲಿ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡದೆ ಏನನ್ನೂ ಬಿಡುಗಡೆ ಮಾಡಬಾರದು. ಸರ್ಕಾರ ತಂತ್ರಾಂಶ ಕೊಳ್ಳಲು ಕರೆಯುವ ಪ್ರತಿ ಟೆಂಡರಿನಲ್ಲೂ ಈ ಷರತ್ತು ಇರಲಿ.