ಕೊಲ್ಲಿ ನಾಡಿನಲ್ಲಿ ಎರಡು ಉಪವಾಸ

ಬೈರಿದೇವರಕೊಪ್ಪದಲ್ಲಿ ರಂಜಾನ್ ತಿಂಗಳು ಬಂದರೆ ನಮ್ಮ ಊಟ ತಿಂಡಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ದುಡಿಮೆಗಾಗಿ ಕೊಲ್ಲಿ ನಾಡು ಸೇರಿದ ನಮ್ಮವರ ದಿನಚರಿ ಬೇರೆಯೇ.

ಕುವೈತಿನ 1968ರ 44ನೇ ಕಾನೂನಿನಂತೆ, ರಂಜಾನಿನ ಹಗಲಿನಲ್ಲಿ ಸಾರ್ವಜನಿಕವಾಗಿ ತಿನ್ನುವುದು, ಕುಡಿಯುವುದು ಅಪರಾಧ. 100 ದಿನಾರ್‌ವರೆಗೆ ದಂಡ, ಇಲ್ಲವೇ ಒಂದು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಪರಧರ್ಮೀಯರಿಗೂ ವಿನಾಯಿತಿಯಿಲ್ಲ. ಬಾಯಾರಿದವನು ಮರೆಯಲ್ಲಿ ನಿಂತೇ ನೀರು ಕುಡಿಯಬೇಕು. ಸೂರ್ಯ ಮುಳುಗಿದೊಡನೆ ಬೀದಿಯ ಕಳೆಯೇ ಬದಲಾಗುತ್ತದೆ. ಇಫ್ತಾರಿನ ಖರ್ಜೂರ, ಅನ್ನ ಪರದೇಶಿ ಕೂಲಿಯವನಿಗೂ ದೊರೆಯುತ್ತವೆ.

2025ರಲ್ಲಿ ಅಲ್ಲಿ ಮಾರ್ಚ್ 1ರಂದು ರಂಜಾನ್ ಉಪವಾಸ ಮೊದಲಾಯಿತು. ಮಾರ್ಚ್ 5ರ ವಿಭೂತಿ ಬುಧವಾರದಂದು ನಮ್ಮ ತಪಸ್ಸುಕಾಲವೂ ಆರಂಭವಾಯಿತು. ಅಂದು ದೇವಾಲಯಗಳಲ್ಲಿ ಓದಲಾಗುವುದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ. ಉಪವಾಸವು ಜನರ ಕಣ್ಣಿಗೆ ಬೀಳದಿರಲಿ ಎಂಬುದೇ ಅಲ್ಲಿ ಪ್ರಭುವಿನ ಬೋಧನೆ. ನಾಡಿನ ಕಾನೂನು ಮರೆಮಾಡಿಸಿದ್ದು ನಮ್ಮವರ ಊಟವನ್ನು. ಪ್ರಭು ಮರೆಮಾಡಲು ಹೇಳಿದ್ದು ಉಪವಾಸವನ್ನು. ಎರಡನ್ನೂ ಒಟ್ಟಿಗೆ ಪಾಲಿಸಿದವರಿಗೆ ಎರಡರ ವ್ಯತ್ಯಾಸವೂ ತಿಳಿದೀತು.

ಇಲ್ಲಿ ನಮಗೆ ದಂಡದ ಭಯವಿಲ್ಲ. ಆದರೂ ಉಪವಾಸವಿರುವ ನೆರೆಯವರ ಮುಂದೆ ನಾವಾಗಿಯೇ ತಟ್ಟೆಯನ್ನು ಸರಿಸಿಟ್ಟರೆ, ಅದು ಕಾನೂನಲ್ಲ, ಪ್ರೀತಿ.