ಕೋರ್ಟಿನ ಕಾಗದ ಬಂದರೆ

ಅಕ್ಕಂದಿರೇ, ಮುಳ್ಳೂರಿನ ಒಬ್ಬ ಅಕ್ಕನ ಮನೆಗೆ ಕೋರ್ಟಿನಿಂದ ಕಾಗದ ಬಂತು. ಅಮೀನರು ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟು ಹೋದರು. ಅಕ್ಕ ಅದನ್ನು ಗೋಡೆಯ ಗೂಡಿನಲ್ಲಿಟ್ಟರು. ಯಾರಿಗೂ ತೋರಿಸಲಿಲ್ಲ.

ಅವರ ಗಂಡ ತೀರಿಕೊಂಡಿದ್ದರು. ಮೈದುನ "ಜಮೀನೆಲ್ಲ ನಂದೇ" ಅಂತ ದಾವೆ ಹಾಕಿದ್ದ. ಆ ಕಾಗದದಲ್ಲಿ ಇದ್ದದ್ದು ಇದೇ. ಇಂಥ ದಿನ ಕೋರ್ಟಿಗೆ ಬಂದು ಉತ್ತರ ಹೇಳಿ ಅಂತ ತಾರೀಖು ಕೂಡ ಇತ್ತು.

ತಾರೀಖು ಕಳೆಯಿತು. ಅಕ್ಕ ಹೋಗಲಿಲ್ಲ. ಅವರ ಮಾತು ಕೇಳದೆಯೇ ತೀರ್ಪು ಆಯಿತು. ಇದಕ್ಕೆ ಏಕಪಕ್ಷೀಯ ತೀರ್ಪು ಅನ್ನುತ್ತಾರೆ.

"ಯಾಕವ್ವ ಹೋಗಲಿಲ್ಲ?" ಅಂತ ಕೇಳಿದೆ.

"ಹೋದ್ರೆ ಲಾಯರಿಗೆ ದುಡ್ಡು ಕೊಡಬೇಕಲ್ಲ ಮೇಡಮ್ಮೋರೆ. ಎಲ್ಲಿಂದ ತರ್ಲಿ?"

ನನಗೆ ಸಂಕಟವಾಯಿತು. ಯಾಕೆಂದರೆ ದುಡ್ಡು ಬೇಕಾಗಿರಲೇ ಇಲ್ಲ.

ಕೊಳ್ಳೇಗಾಲದ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಚಾಮರಾಜನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಇದಕ್ಕಾಗಿ 1987ರಲ್ಲಿ ಕಾಯಿದೆ ಆಯಿತು. 1995ರ ನವೆಂಬರ್ 9ರಂದು ಜಾರಿಗೆ ಬಂತು.

ಈ ಕಾಯಿದೆಯಲ್ಲಿ ಹೆಂಗಸರಿಗೆ ಒಂದು ವಿಶೇಷ ಇದೆ. ಬೇರೆಯವರಲ್ಲಿ ಅನೇಕರು ವರಮಾನ ಎಷ್ಟು ಅಂತ ತೋರಿಸಬೇಕು. ಹೆಂಗಸರು ತೋರಿಸಬೇಕಿಲ್ಲ. ಬಡವರಾಗಲಿ, ಉಳ್ಳವರಾಗಲಿ, ಹೆಣ್ಣು ಅಂದರೆ ಸಾಕು. ಪರಿಶಿಷ್ಟ ಜಾತಿ, ಪಂಗಡದವರಿಗೂ, ಮಕ್ಕಳಿಗೂ, ಅಂಗವಿಕಲರಿಗೂ, ಜೈಲಿನಲ್ಲಿರುವವರಿಗೂ ಹೀಗೆಯೇ.

ಸಮಿತಿಯವರು ವಕೀಲರನ್ನು ಗೊತ್ತುಮಾಡಿ ಕೊಡುತ್ತಾರೆ. ವಕೀಲರ ಫೀಸು, ಕೋರ್ಟಿನ ಶುಲ್ಕ, ಟೈಪಿಂಗಿನ ಖರ್ಚು ಅವರದೇ. ಆ ವಕೀಲರು ನಿಮ್ಮ ಹತ್ತಿರ ದುಡ್ಡು ಕೇಳಿದರೆ ಕೊಡಬೇಡಿ. ಸಮಿತಿಗೆ ಹೋಗಿ ಹೇಳಿ.

ಜಮೀನಿನ ವ್ಯಾಜ್ಯವೇ ಆಗಬೇಕೆಂದಿಲ್ಲ. ಗಂಡ ಹೊಡೆದರೆ, ಮನೆಯಿಂದ ಹೊರಗೆ ಹಾಕಿದರೆ, ಜೀವನಾಂಶ ಕೊಡದಿದ್ದರೆ ಅಲ್ಲಿ ಕೇಳಬಹುದು. ದಾವೆ ಹಾಕಬೇಕೋ ಬೇಡವೋ ಅಂತ ಬರೀ ಸಲಹೆಯನ್ನೂ ಕೇಳಬಹುದು.

ಅರ್ಜಿ ಬರೆಯಲು ಬರುವುದಿಲ್ಲವೆ? ಬಾಯಲ್ಲಿ ಹೇಳಿ. ಅವರೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ರುಜು ಹಾಕಿಸಿಕೊಳ್ಳಬೇಕು. ಇದು ನಿಯಮ. ಓದಿ ಹೇಳದೆ ಮುಂದಕ್ಕೆ ಕಾಗದ ಚಾಚಿದರೆ "ಓದಿ ಹೇಳಿ ಸ್ವಾಮಿ" ಅನ್ನಿ. ಈಗ ನಿಮಗೆ ಅಕ್ಷರ ಬರುತ್ತದೆ, ನಿಧಾನವಾದರೂ ನೀವೇ ಓದಿ. ಕಾಯುವವರು ಕಾಯಲಿ.

ಲೋಕ ಅದಾಲತ್ ಅಂತ ಒಂದಿದೆ. ಅಲ್ಲಿ ಎರಡೂ ಕಡೆಯವರು ಒಪ್ಪಿ ರಾಜಿ ಆಗುತ್ತಾರೆ. ಕೋರ್ಟಿನಲ್ಲಿದ್ದ ದಾವೆ ಅಲ್ಲಿ ತೀರಿದರೆ ಕಟ್ಟಿದ್ದ ಕೋರ್ಟು ಶುಲ್ಕ ವಾಪಸು ಬರುತ್ತದೆ. ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ. ಹಾಗಾಗಿ "ಹೋಗ್ಲಿ ಬಿಡವ್ವ, ನಮ್ಮೋರೇ ಅಲ್ವಾ" ಅಂತ ಯಾರೋ ಅಂದರೆಂದು ಸೈನು ಹಾಕಬೇಡಿ. ನಿಮ್ಮ ಪಾಲು ಎಷ್ಟು ಅಂತ ನಿಮ್ಮ ವಕೀಲರನ್ನು ಮೊದಲು ಕೇಳಿ. ಮನಸ್ಸಿಗೆ ಒಪ್ಪದಿದ್ದರೆ ಬೇಡ ಅನ್ನಬಹುದು. ಆಗ ಕೋರ್ಟಿನಲ್ಲಿದ್ದ ದಾವೆ ಕೋರ್ಟಿನಲ್ಲೇ ಮುಂದುವರಿಯುತ್ತದೆ.

ಬಸ್ಸಿಗೆ ಕಾಸಿಲ್ಲದಿದ್ದರೆ 15100ಕ್ಕೆ ಫೋನು ಮಾಡಿ. ಇದು ಕಾನೂನು ನೆರವಿನ ಸಹಾಯವಾಣಿ.

ಆ ಅಕ್ಕನ ಕತೆ ಏನಾಯಿತು ಅನ್ನುತ್ತೀರಾ? ತೀರ್ಪಿನ ಸುದ್ದಿ ತಿಳಿದ ವಾರದಲ್ಲೇ ಇಬ್ಬರೂ ಕೊಳ್ಳೇಗಾಲಕ್ಕೆ ಹೋದೆವು. ಏಕಪಕ್ಷೀಯ ತೀರ್ಪು ರದ್ದು ಮಾಡಿ ಅಂತ ಕೇಳಲು ಸಾಮಾನ್ಯವಾಗಿ 30 ದಿನ ಮಾತ್ರ ಅವಕಾಶ. ಸಮಿತಿ ಕೊಟ್ಟ ವಕೀಲರು ದಿನ ಮೀರುವ ಮೊದಲೇ ಅರ್ಜಿ ಹಾಕಿದರು. ಈಗ ದಾವೆ ಮತ್ತೆ ನಡೆಯುತ್ತಿದೆ. ಹೋದ ವಾಯಿದೆಗೆ ಅಕ್ಕ ಒಬ್ಬರೇ ಹೋಗಿ ಬಂದರು. ಮುಂದಿನ ತಾರೀಖನ್ನು ತಾವೇ ಬರೆದುಕೊಂಡು ಬಂದಿದ್ದರು. ಆ ಚೀಟಿ ಈಗ ಅದೇ ಗೂಡಿನಲ್ಲಿದೆ.